ಎರಡನೇ ಕಡೆಯ ಆಟಗಾರ್ತಿ

ಸೆಪ್ಟೆಂಬರ್ 4

ಇವತ್ತೂ ಮಧ್ಯಾಹ್ನದ ಬೆಲ್ಲಾದ ಕೂಡಲೇ ಕಾಲೇಜಿನಿಂದ ಮನೆಗೆ ಓಡಿಬಂದೆ. ಮೆಟ್ಟಿಲು ಹತ್ತಿ, ಬೀಗ ತೆಗೆದು, ಚಪ್ಪಲಿ ಬಿಟ್ಟ ಮೇಲೆ ನೆನಪಾಯಿತು: ಊಟಕ್ಕೆ ಮುಂಚೆ ನಾನು ಮಾತ್ರೆ ಕೊಡಬೇಕಾಗಿದ್ದವರು ಈಗಿಲ್ಲ. ಅಮ್ಮ ಹೋಗಿ ತಿಂಗಳಾಗುತ್ತಾ ಬಂತು. ನನ್ನ ಕಾಲಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ.

ನಿಂತುಕೊಂಡೇ ಮೊಸರನ್ನ ತಿಂದು ವಾಪಸು ಹೋದೆ. ಎರಡನೇ ಬಿ.ಎ.ಯವರಿಗೆ ಛಂದಸ್ಸು. ಮಾತ್ರಾಗಣ ಹೇಳುವಾಗ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತೇನೆ. ಮೂರು ಮೂರು, ನಾಲ್ಕು ನಾಲ್ಕು. ಕಿಟಕಿಯ ಪಕ್ಕದವರು ಬೆಟ್ಟ ನೋಡುತ್ತಿದ್ದರು. ನಾನೂ ಸ್ವಲ್ಪ ಹೊತ್ತು ನೋಡಿದೆ.

ಅಮ್ಮನ ಕೋಣೆಯ ಬಾಗಿಲು ಮುಚ್ಚಿದೆ. ಮುಚ್ಚಿಯೇ ಇರಲಿ.

ಸೆಪ್ಟೆಂಬರ್ 6

ದೊಡ್ಡಪ್ಪನ ಮಗಳು ಸಿರಾದಿಂದ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ ಕೊನೆಗೆ, "ಅಂತೂ ಮಗ ಅನ್ನಿಸ್ಕಂಡೋನು ಮಣ್ಣಿಗೂ ಬರ್ಲಿಲ್ಲ ನೋಡು" ಎಂದಳು. ರೇಣು ಅಣ್ಣ ಎಲ್ಲಿದ್ದಾನೆಂದು ಗೊತ್ತಿದ್ದರೆ ತಾನೆ ಹೇಳಿಕಳಿಸುವುದು? ಹದಿನಾಲ್ಕು ವರ್ಷವಾಯಿತು, ಒಂದು ಫೋನ್ ನಂಬರೂ ಇಲ್ಲ. ಹಾಗೆಂದು ಅವಳಿಗೆ ಹೇಳಲಿಲ್ಲ. "ಹೂಂ" ಎಂದೆ.

ಸಂಜೆ ಪದ್ಯದ ಪುಸ್ತಕ ತೆಗೆದೆ. ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ ಎಂಬುದು ದೀಪ ಹಾಕಲು ಎದ್ದಾಗ ತಿಳಿಯಿತು.

ಸೆಪ್ಟೆಂಬರ್ 9

ಸ್ಟಾಫ್ ರೂಮಿನಲ್ಲಿ ರಂಗರಾಜು ಫೋನನ್ನು ಅಡ್ಡ ಹಿಡಿದು ಎರಡೂ ಹೆಬ್ಬೆರಳಿನಲ್ಲಿ ಕುಟ್ಟುತ್ತಿದ್ದರು. ಇತಿಹಾಸ ಹೇಳುವವರು, ನನ್ನ ಹಾಗೆ ಅತಿಥಿ ಉಪನ್ಯಾಸಕರು, ದಿನಾ ಐ.ಡಿ.ಹಳ್ಳಿಯಿಂದ ಬೈಕಿನಲ್ಲಿ ಬರುವವರು, ಐವತ್ತು ದಾಟಿದವರು. ಫೋನಿನಿಂದ ಹುಲಿ ಗರ್ಜಿಸಿತು. ಅದರ ಬೆನ್ನಿಗೇ ಒಂದು ಕಂಚಿನ ಗಂಟೆ. ಕೈಲಿದ್ದ ಉತ್ತರಪತ್ರಿಕೆ ಕೆಳಗಿಟ್ಟೆ.

"ಅದು ಟೈಗರ್ ಡೋಜೋ ಅಲ್ವಾ?"

ರಂಗರಾಜು ತಲೆ ಎತ್ತಿದರು. ಅಷ್ಟರಲ್ಲಿ ಅವರ ಆಳು ಬಿದ್ದ. "ಸತ್ತೆ! ಏನ್ ಮೇಡಂ, ಪದ್ಯ ಓದೋರಿಗೂ ಹುಲಿ ಗೇಮು ಗೊತ್ತಾ?"

"ನಮ್ಮಪ್ಪನ ಅಂಗಡೀಲಿ ಇತ್ತು. ಸಿರಾ ಬಸ್ ಸ್ಟ್ಯಾಂಡ್ ಎದುರು."

"ಅಯ್ಯೋ ಶಿವನೇ! ನಾವು ಆಡ್ತಿದ್ದಿದ್ದು ಇಲ್ಲೇ ಟಾಕೀಸ್ ಹಿಂದೆ. ನಮ್ಮಪ್ಪ ಹುಣಸೇಬರ್ಲು ಹಿಡ್ಕಂಡು ಹುಡುಕ್ಕೊಂಡ್ ಬರೋರು. ಈಗ ಮತ್ತೆ ಮಾಡವ್ರೆ ನೋಡಿ, ಫೋನಿಗೆ. ಆಳು ಹಳೇವೇ, ಚರ್ಮ ಮಾತ್ರ ಹೊಸದು."

ಪರದೆಯ ಮೇಲೆ ಆರು ಆಳುಗಳು ಸಾಲಾಗಿ ನಿಂತಿದ್ದರು. ಅವರಿಗೆಲ್ಲ ಉದ್ದುದ್ದ ಹೆಸರುಗಳಿವೆ. ಸಿರಾದಲ್ಲಿ ನಾವು ಕರೆಯುತ್ತಿದ್ದದ್ದು ಜಡೆ, ಗುಂಡ, ಕೋತಿ, ಪೊಲೀಸು ಎಂದೇ. ತುದಿಯಲ್ಲಿ ಬಿದಿರುಕೋಲು ಹಿಡಿದ ತಾತ. ಆಗ ಅವನು ಬೂದುಬಣ್ಣದ ಚೌಕಗಳ ಮುದ್ದೆಯಾಗಿದ್ದ. ಈಗ ಗಡ್ಡದ ಒಂದೊಂದು ಕೂದಲೂ ಗಾಳಿಗೆ ಅಲುಗುತ್ತದೆ.

ಸೆಪ್ಟೆಂಬರ್ 10

ನಿನ್ನೆಯಿಂದ ಅಪ್ಪನ ಅಂಗಡಿ ಕಣ್ಣಮುಂದೆ. ಹಿಂದಿನ ಭಾಗದಲ್ಲಿ ಕಿರಾಣಿ, ಮುಂದಿನ ಭಾಗದಲ್ಲಿ ಆ ವಿಡಿಯೋ ಗೇಮಿನ ಮಿಷನ್ನು. ಬೆಂಗಳೂರಿನಿಂದ ಲಾರಿಯಲ್ಲಿ ಬಂದಾಗ ನಾನು ಹೈಸ್ಕೂಲು. ಅಪ್ಪ ಮೊದಲು ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ಆಮೇಲೆ ಪ್ಲಗ್ ಹಾಕಿದ್ದರು.

ಒಂದು ಮಿಷನ್ನಿಗೆ ಎರಡು ಕಡೆ. ಒಂದೊಂದು ಕಡೆಗೂ ಒಂದು ಕೋಲು, ನಾಲ್ಕು ಬಟನ್ನು: ಎರಡು ಗುದ್ದಿಗೆ, ಎರಡು ಒದೆಗೆ. ಎರಡನೇ ಕಡೆಯ ನಾಲ್ಕನೇ ಬಟನ್ನು, ಎದುರಾಳಿಯ ಕಾಲಿಗೆ ಒದೆಯುವುದು, ಬಂದ ವರ್ಷವೇ ಕೆಟ್ಟಿತು. ತುಮಕೂರಿನಿಂದ ಮೆಕ್ಯಾನಿಕ್ ಬರಬೇಕು ಎಂದು ಅಪ್ಪ ಹೇಳುತ್ತಲೇ ಇದ್ದರು. ಹುಡುಗರು ಆ ಕಡೆ ಕೂರಲು ಒಪ್ಪುತ್ತಿರಲಿಲ್ಲ. "ಉಧರ್ ಕೌನ್ ಬೈಠೇಗಾ ಭಾಯ್" ಎಂದು ನಗುತ್ತಿದ್ದರು, ಒಬ್ಬೊಬ್ಬರೇ ಮಿಷನ್ನಿನ ಜೊತೆ ಆಡಿ ಹೋಗುತ್ತಿದ್ದರು.

ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮುಂಚೆ ನಾನೂ ರೇಣು ಅಣ್ಣನೂ ಆಡುತ್ತಿದ್ದೆವು. ಅವನು ದೊಡ್ಡವನು, ಅವನಿಗೆ ಒಂದನೇ ಕಡೆ. ಯಾವಾಗಲೂ ಗುಂಡ. ನನಗೆ ಎರಡನೇ ಕಡೆ, ತಾತ. ಅಮ್ಮ ಒಳಗಿನಿಂದ, "ಹೆಣ್ಣುಡುಗಿ ಹೊಡೆದಾಟ ಕಲ್ತು ಯಾರ್ನ ಉದ್ಧಾರ ಮಾಡ್ಬೇಕೇ?" ಎನ್ನುತ್ತಿದ್ದರು. ಆದರೆ ತಿಂಡಿಗೆ ಕರೆಯುವುದನ್ನು ಸ್ವಲ್ಪ ತಡ ಮಾಡುತ್ತಿದ್ದರು.

ಸೆಪ್ಟೆಂಬರ್ 13

ಗೇಮನ್ನು ನನ್ನ ಫೋನಿಗೂ ಹಾಕಿಕೊಂಡೆ. ಯಾರಿಗೂ ಹೇಳಿಲ್ಲ. ನಲವತ್ತೆಂಟರ ಹೆಂಗಸು, ಎಂ.ಎ., ಕದ್ದು ಉಪ್ಪಿನಕಾಯಿ ತಿನ್ನುವವಳ ಹಾಗೆ.

ಹಳೆಯ ಕಥೆಯನ್ನು ಹೊಸ ಕವಿ ಮತ್ತೆ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಕಥೆ ಗೊತ್ತಿದ್ದವರೇ ಕೇಳಲು ಕೂರುತ್ತಾರೆ. ಎಲ್ಲಿ ಬೇರೆಯಾಗುತ್ತದೆ ಎಂದು ಕಿವಿಗೊಟ್ಟು ಕಾಯುತ್ತಾರೆ. ತಾತ ಕೋಲನ್ನು ಒಂದು ಸುತ್ತು ತಿರುಗಿಸಿ ನಿಲ್ಲುವುದು ಅಂದಿನಂತೆಯೇ ಇದೆ. ನನಗೆ ಅಷ್ಟು ಸಾಕಾಯಿತು.

ಆಡಿದ್ದಷ್ಟೂ ಸೋತೆ.

ಸೆಪ್ಟೆಂಬರ್ 14

ಇವತ್ತೂ ಸೋತೆ. ಹೆಬ್ಬೆರಳು ನೋಯುತ್ತಿದೆ.

ಸೆಪ್ಟೆಂಬರ್ 18

ನೆಟ್‌ವರ್ಕ್ ಸರಿಯಾಗಿ ಬರುವುದು ಅಮ್ಮನ ಕೋಣೆಯ ಕಿಟಕಿಯ ಹತ್ತಿರ ಮಾತ್ರ. ಹಾಲಿನಲ್ಲಿ ಆಡಿದರೆ ತಾತ ಕೋಲೆತ್ತಿದವನು ಹಾಗೇ ನಿಂತುಬಿಡುತ್ತಾನೆ, ಎದುರಿನವರು ಬಂದು ಚಚ್ಚಿ ಹೋಗುತ್ತಾರೆ. ಹಾಗಾಗಿ ಆ ಕೋಣೆಗೆ ಹೋದೆ. ಕಿಟಕಿ ಜಾಮಾಗಿತ್ತು, ಗುದ್ದಿ ತೆರೆದೆ. ಮಂಚದ ತುದಿಯಲ್ಲಿ ಕೂತು ಆಡಿದೆ. ಎರಡು ಸಲ ಗೆದ್ದೆ. ಗೆದ್ದಾಗ ಜೋರಾಗಿಯೇ ಏನೋ ಕೂಗಿದೆ ಎಂದು ಕಾಣುತ್ತದೆ, ಏಕೆಂದರೆ ಕೆಳಗಿನಿಂದ ದಾಸಮ್ಮನವರ ದನಿ ಬಂತು.

"ಏನಮ್ಮ ಜ್ಯೋತೀ, ಯಾರ್ನ ಹಿಡ್ಕಂಡು ಹೊಡೀತಿದ್ದೀಯ?"

"ಯಾರೂ ಇಲ್ಲ ದಾಸಮ್ಮನೋರೆ, ಜಿರಳೆ."

"ಜಿರಳೆಗೆ 'ಬಾರೋ ಮಗನೆ' ಅಂತಾರೇನಮ್ಮ?"

ದಾಸಮ್ಮನವರು ಮನೆಯ ಯಜಮಾನಿ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಂಭಾಳಿಸಿದವರು. ಯಾವ ಸದ್ದು ಯಾವುದರದ್ದು ಎಂದು ಅವರಿಗೆ ಗೊತ್ತಾಗದೆ ಇರುವುದಿಲ್ಲ.

ಸೆಪ್ಟೆಂಬರ್ 21

ಮಹಾಲಯ ಅಮಾವಾಸ್ಯೆ. ಬೀದಿಯ ಮನೆಮನೆಯಲ್ಲೂ ಹಿರಿಯರಿಗೆ ಎಡೆ. ನಾನೂ ಅಮ್ಮನಿಗೊಂದು ಸೀರೆ ತಂದು ಎಡೆ ಇಡೋಣವೆಂದುಕೊಂಡಿದ್ದೆ. ದಾಸಮ್ಮನವರು ತಡೆದರು.

"ಸತ್ತು ವರ್ಷ ತುಂಬ್ದೆ ನಿಮ್ಮೋರಲ್ಲಿ ಎಡೆ ಇಡಾಕಿಲ್ಲ ಕಣಮ್ಮ. ದಸರಾನೂ ಇಲ್ಲ, ದೀಪಾವಳೀನೂ ಇಲ್ಲ ನಿಂಗೆ ಈ ಸಾರ್ತಿ. ನಿಮ್ಮಮ್ಮನೇ ಹೇಳಿದ್ದು ನಂಗೆ ಇದೆಲ್ಲ."

ಅವರ ಹಾಲಿನಲ್ಲಿ ಬುದ್ಧನ ಪಟವಿದೆ, ಅವರು ಎಡೆಯನ್ನು ನಂಬುವವರಲ್ಲ. ಆದರೂ ನಮ್ಮ ಕಟ್ಟಳೆ ನನಗಿಂತ ಅವರಿಗೆ ಚೆನ್ನಾಗಿ ನೆನಪಿದೆ. ಸಿರಾ ಮನೆ ಬಿಟ್ಟು ಮಧುಗಿರಿಗೆ ಬಂದು ಇಲ್ಲಿ ಬಾಡಿಗೆಗೆ ಇಳಿದಾಗ ಅಮ್ಮ ಅವರ ಮನೆಯ ನೀರೂ ಮುಟ್ಟುತ್ತಿರಲಿಲ್ಲ. ಕೊನೆಯ ಮೂರು ವರ್ಷ ಕೆಳಗಿನ ಅಡುಗೆಮನೆಯಲ್ಲಿ ಕೂತು ಬಸ್ಸಾರು ಬಡಿಸಿಕೊಂಡು ಮುದ್ದೆ ಉಂಡರು. ಉಪ್ಪು ಕಮ್ಮಿ ಎಂದು ಜಗಳವನ್ನೂ ಆಡಿದರು.

ಬಟ್ಟೆ ಒಗೆದೆ. ಹಬ್ಬವಿಲ್ಲದ ದಿನ ತುಂಬ ಉದ್ದ.

ಸೆಪ್ಟೆಂಬರ್ 25

ರಂಗರಾಜುಗೆ ಗೊತ್ತಾಗಿಹೋಯಿತು. ಇಬ್ಬರೂ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಒಂದು ಆಟ ಆಡಿದೆವು. ಗೆದ್ದದ್ದು ನಾನು. ಅವರಿಗೆ ಸಿಟ್ಟು ಬಂತು, ಆಮೇಲೆ ಯೋಚನೆ ಬಂತು.

"ಮೇಡಂ, ತಪ್ಪು ತಿಳ್ಕಬೇಡಿ. ನಿಮ್ಮ ತಾತ ಕಾಲಿಗೆ ಒಂದೂ ಒದೆಯಾಕಿಲ್ವಲ್ಲ, ಯಾಕೆ? ಅದೊಂದು ಬಟನ್ ಇದೆ ಅಂತಾದ್ರೂ ಗೊತ್ತಾ?"

ನೋಡಿದೆ. ಇದೆ. ಬೆರಳಿನ ಕೆಳಗೇ ಇದೆ. ಇಷ್ಟು ದಿನದಲ್ಲಿ ಒಂದು ಸಲವೂ ಮುಟ್ಟಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಬಟನ್ನು ಕೆಟ್ಟಿತ್ತು, ಕೈ ಅದನ್ನು ಇಂದಿಗೂ ಕೆಟ್ಟದ್ದೆಂದೇ ತಿಳಿದುಕೊಂಡಿದೆ.

ಸೆಪ್ಟೆಂಬರ್ 28

ದಸರಾ ರಜೆ. ಮಾತಾಡಲು ಜನವಿಲ್ಲ.

ಗೇಮಿನಲ್ಲಿ ಕೋಣೆಗಳಿವೆ. ಯಾರು ಬೇಕಾದರೂ ಒಂದು ಕೋಣೆ ತೆರೆದು ಹೆಸರಿಟ್ಟು ಕಾಯಬಹುದು, ಬೇಕಾದವರು ಒಳಗೆ ಹೋಗಿ ಅವರೊಡನೆ ಆಡಬಹುದು. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಸುಮ್ಮನೆ 'ಸಿರಾ' ಎಂದು ಹುಡುಕಿದೆ. ಏನೂ ಸಿಗುವುದಿಲ್ಲವೆಂದುಕೊಂಡಿದ್ದೆ.

ಒಂದು ಸಿಕ್ಕಿತು. 'ಸಿರಾ ಬಸ್ ಸ್ಟ್ಯಾಂಡ್'. ಒಳಗೆ ಒಬ್ಬರೇ. ಹೆಸರು 'ಗುಂಡ'.

ಎಷ್ಟೋ ಹುಡುಗರು ಆಡುತ್ತಿದ್ದರು ಅಲ್ಲಿ. ಈಗೆಲ್ಲ ಅಜ್ಜಂದಿರಾಗುವ ವಯಸ್ಸು. ಯಾರೋ ಒಬ್ಬರು. ಒಳಗೆ ಹೋಗಿ ಆಡಿದೆ, ಸೋತೆ. ನನ್ನ ಹೆಸರು 'ತಾತ' ಎಂದಿತ್ತು. ಆಟ ಮುಗಿದ ಮೇಲೂ ಆ ಕಡೆಯವರು ಬಹಳ ಹೊತ್ತು ಹೊರಗೆ ಹೋಗಲಿಲ್ಲ.

ಸೆಪ್ಟೆಂಬರ್ 30

ಸಂಜೆ ಐದಕ್ಕೆ ಆ ಕೋಣೆ ತೆರೆಯುತ್ತದೆ. ಇವತ್ತೂ ಆಡಿದೆ. ಗುಂಡನ ಹೊಡೆತಗಳಿಗೆ ಒಂದು ಲಯವಿದೆ: ಎರಡು ಗುದ್ದು, ಬಿಡುವು, ಎರಡು ಗುದ್ದು, ಬಿಡುವು, ಆಮೇಲೆ ಎತ್ತಿ ಒಗೆಯುವುದು. ತರಗತಿಯಲ್ಲಾದರೆ ಗಣ ಬಿಡಿಸಿ ತೋರಿಸಬಹುದಿತ್ತು.

ಒಂದು ಸಂಗತಿ ವಿಚಿತ್ರ. ಅವನು ಕಾಲನ್ನು ಕಾಯುವುದೇ ಇಲ್ಲ. ಕಾಲಿಗೆ ಒದೆ ಬೀಳದಂತೆ ತಡೆಯಬೇಕಾದರೆ ಆಳು ಕುಕ್ಕುರುಗಾಲಲ್ಲಿ ಕೂರಬೇಕು. ಗುಂಡ ಕೂರುವುದೇ ಇಲ್ಲ.

ಅಕ್ಟೋಬರ್ 1

ರಂಗರಾಜುಗೆ ಫೋನ್ ಮಾಡಿ, ಆ ಕೋಣೆಗೆ ಹೋಗಿ ಒಂದು ಆಟ ಆಡಿ ನೋಡಿ ಎಂದೆ. ಅರ್ಧ ಗಂಟೆಯಲ್ಲಿ ಅವರೇ ಮಾಡಿದರು.

"ಬಡಿದ್ಬುಟ್ಟ ಮೇಡಂ ನನ್ನ! ಯಾವನ್ರೀ ಅವ್ನು?"

"ಕಾಲಿಗೆ ಒದ್ದಿರಾ?"

"ಎಲ್ಲಿ ಒದೆಯೋದು? ಒದೆಯೋಕೆ ಮುಂಚೆನೇ ಕೂತ್ಕಂಡ್ಬುಡ್ತಾನೆ. ಕಾಲಿಗೆ ಒಂದೂ ಬೀಳಾಕ್ ಬಿಡ್ಲಿಲ್ಲ."

ಅವರೆದುರು ಕೂತು ಕಾಲನ್ನು ಕಾಯುತ್ತಾನೆ. ನನ್ನೆದುರು ಮಾತ್ರ ನಿಂತಿರುತ್ತಾನೆ. ನನ್ನಿಂದ ಕಾಲಿಗೆ ಒದೆ ಬರುವುದಿಲ್ಲವೆಂದು ಅವನಿಗೆ ಗೊತ್ತಿದೆ.

ಎರಡನೇ ಕಡೆ ಕೂರುತ್ತಿದ್ದವಳು ನಾನೊಬ್ಬಳೇ. ಅದು ಗೊತ್ತಿದ್ದವನೂ ಒಬ್ಬನೇ.

ಅಕ್ಟೋಬರ್ 2

ಇದನ್ನು ಒಮ್ಮೆ ಬರೆದುಬಿಡಬೇಕು. ಅಣ್ಣ ಪಾವಗಡದ ಕಡೆಯ ಹುಡುಗಿಯನ್ನು ಮದುವೆಯಾದ. ನಾಗವೇಣಿ. ಮನೆಮಾತು ತೆಲುಗು, ಜಾತಿ ಬೇರೆ. ಅಪ್ಪ ಹೊಸಿಲು ದಾಟಿಸಲಿಲ್ಲ. ಅವನು ಆಗೀಗ ಅಂಗಡಿಯ ತನಕ ಬಂದು ಅಮ್ಮನನ್ನು ಮಾತಾಡಿಸಿ ಹೋಗುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಅಪ್ಪ ಹೋದಾಗ ಓಡಿಬಂದ. ಗುಂಡಿಯ ಪಕ್ಕ ನಿಂತು ಮಣ್ಣು ತೆಗೆದುಕೊಳ್ಳಲು ಬಗ್ಗಿದವನ ಕೈಯನ್ನು ದೊಡ್ಡಪ್ಪ ಹಿಡಿದುಕೊಂಡರು. "ನೀನ್ ಮುಟ್ಬ್ಯಾಡ." ಅಷ್ಟೇ ಮಾತು. ಹೆಂಗಸರು ನಾವು ಮನೆಯಲ್ಲಿದ್ದೆವು, ಇದೆಲ್ಲ ಆಮೇಲೆ ಕೇಳಿದ್ದು. ಅವನು ಅಲ್ಲಿಂದಲೇ ಬಸ್ ಹತ್ತಿದ. ಮನೆಗೆ ಬಂದು ಅಮ್ಮನನ್ನೂ ನೋಡಲಿಲ್ಲ.

ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆಂದು ಯಾರೋ ಹೇಳಿ ಒಮ್ಮೆ ಪಾವಗಡಕ್ಕೆ ಹೋಗಿದ್ದೆ. ಕಣ್ಣು ಹಾಯುವವರೆಗೆ ಗಾಜಿನ ಹಲಗೆಗಳು. ಗೇಟಿನವನು, "ಆ ಹೆಸರಿನೋರು ತೆಲೀದು ಅಮ್ಮಾ" ಎಂದ.

ಅಮ್ಮ ಅವನ ಬಗ್ಗೆ ಮಾತಾಡುತ್ತಿರಲಿಲ್ಲ. ಕೊನೆಯ ವಾರ ಮಾತ್ರ, ಯಾರು ಮೆಟ್ಟಿಲು ಹತ್ತಿದರೂ, "ರೇಣು ಏನೇ?" ಎನ್ನುತ್ತಿದ್ದರು.

ಅಕ್ಟೋಬರ್ 3

ಈ ಗೇಮಿನಲ್ಲಿ ಮಾತಾಡಲು ಬರುವುದಿಲ್ಲ. ಆಳಿನ ತಲೆಯ ಮೇಲೆ ಆಟಗಾರರ ಹೆಸರು ಕಾಣುತ್ತದೆ, ಅಷ್ಟೇ. ಹದಿನಾರು ಅಕ್ಷರದೊಳಗೆ ಏನು ಬೇಕಾದರೂ ಇಟ್ಟುಕೊಳ್ಳಬಹುದು, ದಿನಕ್ಕೆ ಒಂದೇ ಸಲ ಬದಲಿಸಬಹುದು.

ಹೆಸರನ್ನು 'ಎರಡನೇ ಕಡೆ' ಎಂದು ಬದಲಿಸಿ ಒಳಗೆ ಹೋದೆ. ಗುಂಡ ಆಟದ ನಡುವೆ ಒಂದು ಗುದ್ದನ್ನೂ ಹೊಡೆಯದೆ ನಿಂತ. ನಾನು ಹೊಡೆದೆ. ಏನು ಮಾಡುವುದು, ಹೊಡೆದುಬಿಟ್ಟೆ.

ಅಕ್ಟೋಬರ್ 4

ಅವನ ಹೆಸರು: 'ಜ್ಯೋತಿನಾ'.

ನನ್ನದು: 'ಹೌದು ಅಣ್ಣ'.

ಅಕ್ಟೋಬರ್ 6

ಇವತ್ತು ಅವನ ಹೆಸರು 'ಅಮ್ಮ ಹೆಂಗಿದಾರೆ'.

ಒಂಬತ್ತು ವರ್ಷದಿಂದ ಅಮ್ಮನಿಗೆ ಆರೋಗ್ಯವಿರಲಿಲ್ಲ. ಕಾಲೇಜಿನಲ್ಲಿ, ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಿಕ್ಕವರೆಲ್ಲ ಇದನ್ನೇ ಕೇಳುತ್ತಿದ್ದರು. ನಾನು ಒಂದೇ ಉತ್ತರ ಹೇಳುತ್ತಿದ್ದೆ. ಇಂದೂ ಬೆರಳು ಅದನ್ನೇ ಒತ್ತಿತು. 'ಚೆನ್ನಾಗಿದಾರೆ'. ಒತ್ತಿ, ಸರಿ ಎಂದು ಒಪ್ಪಿಸಿದ ಮೇಲೆ ಓದಿದೆ.

ದಿನಕ್ಕೆ ಒಂದೇ ಸಲ. ನಾಳೆ ಬದಲಿಸಬಹುದು.

ಅಕ್ಟೋಬರ್ 7

ಬದಲಿಸಲಿಲ್ಲ. ಅವನು 'ಎಲ್ಲಿದೀರ' ಎಂದು ಕೇಳಿದ್ದ. ಮೊದಲು ಅದಕ್ಕೆ ಉತ್ತರ ಕೊಡಬೇಕಲ್ಲ. 'ಮಧುಗಿರಿ' ಎಂದು ಹಾಕಿದೆ.

ಅಕ್ಟೋಬರ್ 9

ಅವನು ಪಾವಗಡದಲ್ಲೇ ಇದ್ದಾನೆ. ಮಗಳೊಬ್ಬಳು. ಇಷ್ಟು ತಿಳಿಯಲು ಎರಡು ದಿನ ಹಿಡಿಯಿತು. ಹಿಂದಿನವರು ಕಾರ್ಡಿನಲ್ಲಿ ಹೀಗೇ ಬರೆದು ಕಾಯುತ್ತಿದ್ದರೇನೋ. ಐದಕ್ಕೆ ಸರಿಯಾಗಿ ಕೈಕಾಲು ತೊಳೆದು, ತಲೆ ಬಾಚಿ ಅಮ್ಮನ ಮಂಚದ ಮೇಲೆ ಕೂರುತ್ತೇನೆ. ತಲೆ ಬಾಚುವುದು ಯಾಕೆಂದು ಗೊತ್ತಿಲ್ಲ. ಅವನೇನು ನೋಡುವುದಿಲ್ಲ.

ಇವತ್ತು ಮೊದಲ ಸಲ ನಾಲ್ಕನೇ ಬಟನ್ನು ಒತ್ತಿ ಅವನ ಕಾಲಿಗೆ ಒದ್ದೆ. ಗುಂಡ ದೊಪ್ಪನೆ ಬಿದ್ದ. ಎದ್ದವನು ಒಂದು ಕ್ಷಣ ಹಾಗೇ ನಿಂತ. ಆಮೇಲೂ ಕೂತು ಕಾಯಲಿಲ್ಲ. ನಿಂತೇ ಇದ್ದು ಮತ್ತೆ ಮತ್ತೆ ಒದೆಸಿಕೊಂಡ. ನಾನು ಮಂಚದ ಮೇಲೆ ಬಿದ್ದು ನಗುತ್ತಿದ್ದೆ. ದಾಸಮ್ಮನವರು ಸೌಟಿನಿಂದ ತಮ್ಮ ಕಿಟಕಿಯ ಸರಳು ಬಡಿದರು.

ಅಕ್ಟೋಬರ್ 11

'ಅಮ್ಮಂಗೆ ಕೋಪನಾ'.

'ಇಲ್ಲ'.

ಇದು ನಿಜ. ಇದನ್ನು ಬರೆಯುವಾಗ ಬೆರಳು ತಡೆಯಲಿಲ್ಲ. ಅಮ್ಮ ದಾಸಮ್ಮನವರ ತಟ್ಟೆಯಲ್ಲಿ ಉಂಡದ್ದನ್ನು ಅವನಿಗೆ ಹೇಳಬೇಕೆಂದು ಎಷ್ಟು ಆಸೆಯಾಯಿತು. ಹದಿನಾರು ಅಕ್ಷರದಲ್ಲಿ ಅದು ಹಿಡಿಯುವುದಿಲ್ಲ.

ಅವನ ಲೋಕದಲ್ಲಿ ಅಮ್ಮ ಇನ್ನೂ ಈ ಮಂಚದ ಮೇಲಿದ್ದಾರೆ. ನಾನು ಸಂಜೆ ಆ ಲೋಕಕ್ಕೆ ಹೋಗಿ ಬರುತ್ತೇನೆ. ಅಲ್ಲಿ ನನಗೂ ಸ್ವಲ್ಪ ಹೊತ್ತು ಅಮ್ಮ ಇರುತ್ತಾರೆ. ಹೇಳಿಬಿಟ್ಟರೆ ಎರಡೂ ಕಡೆ ಇಲ್ಲ. ಮತ್ತೆ, ಹೇಳಿದ ಮೇಲೆ ಅವನು ಯಾವುದಕ್ಕೆ ಈ ಕೋಣೆ ತೆರೆಯುತ್ತಾನೆ?

ಅಕ್ಟೋಬರ್ 13

'ಹಬ್ಬಕ್ ಬರ್ತಿನಿ'.

ಅಕ್ಟೋಬರ್ 14

ದೀಪಾವಳಿಗೆ ಅವನು ಅಮ್ಮನನ್ನು ನೋಡಲು ಬರುತ್ತಾನೆ. ಬಸ್ಸಿನಲ್ಲಿ ಕೂತಿರುತ್ತಾನೆ, ತೊಡೆಯ ಮೇಲೆ ಸೀರೆಯ ಕವರ್. ಬಂದು ಬಾಗಿಲು ತಟ್ಟುತ್ತಾನೆ. ಆಗ ನಾನು ಏನು ಹೇಳಲಿ?

ನನ್ನ ಫೋನ್ ನಂಬರನ್ನೇ ಹೆಸರಾಗಿ ಹಾಕಲು ನೋಡಿದೆ, ಫೋನಿನಲ್ಲಾದರೆ ದನಿಯಾದರೂ ಇರುತ್ತದೆ. ಗೇಮು ಒಪ್ಪಲಿಲ್ಲ. ಹೆಸರಿನಲ್ಲಿ ಅಂಕಿಯೇ ಸಲ್ಲದು ಎಂದಿತು.

ಆಡಲು ಹೋಗಲಿಲ್ಲ. ಐದರಿಂದ ಆರೂವರೆಯವರೆಗೆ ಆ ಕೋಣೆ ತೆರೆದೇ ಇತ್ತು. ಒಳಗೆ ಒಬ್ಬರೇ.

ಅಕ್ಟೋಬರ್ 15

ದಾಸಮ್ಮನವರಿಗೆ ಎಲ್ಲ ಹೇಳಿದೆ. ಹುರುಳಿಕಾಳು ಕೇರುತ್ತಾ ಕೇಳಿದರು. ಗೇಮು ಎಂದರೆ ಏನೆಂದು ಒಂದೇ ಸಲ ಕೇಳಿದರು, ಅಣ್ಣ ಎಂಬುದನ್ನು ಹಿಡಿದುಕೊಂಡರು.

"ಅಮ್ಮ ಚೆನ್ನಾಗವ್ರೆ ಅಂದ್ಯಾ ನೀನು?"

"ಬಾಯಿಗೆ ಬಂದುಬಿಡ್ತು."

"ಬಾಯಿಗೆ ಬಂದಿದ್ದು ಒಂದಿನ. ಆಮ್ಯಾಕೆ ವಾರಗಟ್ಲೆ ಆಡ್ದ್ಯಲ್ಲ, ಅದು?"

ಮೊರದಿಂದ ಸಿಡಿದ ಕಾಳುಗಳನ್ನು ಆರಿಸತೊಡಗಿದೆ.

"ಅವ್ನು ಹೊಸ ಸೀರೆ ತಗಂಡು ಬಂದು ಈ ಮೆಟ್ಲು ಹತ್ತಬೇಕಾ, ಇಲ್ಲಾ ಅಲ್ಲೇ ಅವ್ನ ಹೆಂಡ್ರು ಮಕ್ಳ ಮುಂದೆ ಕೂತ್ಕಂಡು ಅಳಬೇಕಾ? ಯೋಳು. ಓದಿರೋಳು ನೀನು."

"ಆಮೇಲೆ ಅವನು ಬರದೇ ಹೋದ್ರೆ?"

ಕೇರುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅಂಗನವಾಡಿಯ ಮಕ್ಕಳನ್ನು ಹಾಗೆ ನೋಡುತ್ತಿದ್ದರೆಂದು ಕಾಣುತ್ತದೆ. "ಬರದೇ ಹೋದ್ರೆ ಇಲ್ಲ ಕಣಮ್ಮ. ಅವ್ನಿಗೂ ಅಮ್ಮನೇ ಅಲ್ವಾ ಸತ್ತಿರೋದು?"

ಅಕ್ಟೋಬರ್ 16

ಐದಕ್ಕೆ ಮುಂಚೆಯೇ ಹೆಸರು ಬದಲಿಸಿದೆ. 'ಅಮ್ಮ ಇಲ್ಲ'. ಜೊತೆಗೆ ಇನ್ನೇನಾದರೂ ಸೇರಿಸಲು ಜಾಗವಿತ್ತು. ತಿಂಗಳು, ದಿನ, ಕ್ಷಮಿಸು. ಪದ್ಯ ಓದಿಕೊಂಡು ಬಂದವಳಿಗೆ ಸೇರಿಸುವಂಥದ್ದು ಒಂದೂ ಹೊಳೆಯಲಿಲ್ಲ.

ಕೋಣೆ ತೆರೆಯಿತು. ಒಳಗೆ ಹೋದೆ. ಹುಲಿ ಗರ್ಜಿಸಿತು, ಗಂಟೆ ಹೊಡೆಯಿತು. ಈ ಕಡೆ ತಾತ, ತಲೆಯ ಮೇಲೆ ಆ ಎರಡು ಪದ. ಆ ಕಡೆ ಗುಂಡ, ತಲೆಯ ಮೇಲೆ 'ಹಬ್ಬಕ್ ಬರ್ತಿನಿ'. ಮೇಲೆ ನಡುವೆ ಸಮಯದ ಅಂಕಿ ತೊಂಬತ್ತೊಂಬತ್ತರಿಂದ ಇಳಿಯತೊಡಗಿತು.

ಗುಂಡ ಎರಡು ಹೆಜ್ಜೆ ಮುಂದೆ ಬಂದು ನಿಂತ. ನಾನು ಬೆರಳು ತೆಗೆದೆ. ಯಾರೂ ಆಡಿಸದಿದ್ದರೂ ಆಳುಗಳು ಸುಮ್ಮನಿರುವುದಿಲ್ಲ ಎಂಬುದನ್ನು ಇಲ್ಲಿಯವರೆಗೆ ಗಮನಿಸಿರಲಿಲ್ಲ. ತಾತನ ಭುಜ ಏರಿ ಇಳಿಯುತ್ತದೆ. ಗುಂಡನ ಹೊಟ್ಟೆ ಏರಿ ಇಳಿಯುತ್ತದೆ. ಉಸಿರಾಡುತ್ತಾರೆ. ಹೊಸದಾಗಿ ಮಾಡಿದವರು ಅದನ್ನು ಎಷ್ಟು ಕಾಳಜಿಯಿಂದ ಮಾಡಿದ್ದಾರೆ! ನೋಡುತ್ತಾ ಕೂತೆ. ಅಂಕಿ ಸೊನ್ನೆಗೆ ಬಂತು. ಇಬ್ಬರೂ ಗೆಲ್ಲಲಿಲ್ಲ ಎಂದು ತೋರಿಸಿತು. ಎರಡನೇ ಸುತ್ತು ತಾನಾಗಿಯೇ ಶುರುವಾಯಿತು.

ಎರಡನೇ ಸುತ್ತಿನ ನಡುವಿನಲ್ಲಿ ಗುಂಡ ನಡೆಯತೊಡಗಿದ. ಓಡದೆ, ಹಾರದೆ, ಒಂದೊಂದೇ ಹೆಜ್ಜೆ. ತಾತನ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಒಬ್ಬರ ಮೈಯೊಳಗೆ ಇನ್ನೊಬ್ಬರು ಹೋಗಲು ಈ ಆಟದಲ್ಲಿ ಸಾಧ್ಯವಿಲ್ಲ, ಹಾಗಾಗಿ ಮೈಗೆ ಮೈ ತಾಗಿ ನಿಂತ. ಎತ್ತಿ ಒಗೆಯಲು ಅಷ್ಟು ಹತ್ತಿರ ಸಾಕು. ಒಗೆಯಲಿಲ್ಲ. ಇಬ್ಬರ ಉಸಿರೂ ಬೇರೆ ಬೇರೆ ಲಯದಲ್ಲಿತ್ತು. ಒಂದು ಕಡೆ ಸೇರಿದ ಹಾಗಾಯಿತು, ಮತ್ತೆ ಬೇರೆಯಾಯಿತು.

ಸಮಯ ಮುಗಿದು ಪರದೆ ಕಪ್ಪಾಯಿತು. ಅವನು ಹೊರಗೆ ಹೋಗಿದ್ದ.

ಅಮ್ಮನ ಮಂಚದ ಮೇಲೆಯೇ ಮಲಗಿದೆ. ಬೆಳಗಿನವರೆಗೆ ಎಚ್ಚರವಾಗಲಿಲ್ಲ.

ಅಕ್ಟೋಬರ್ 17

ಕಾಲೇಜಿನಲ್ಲಿ ಏನು ಪಾಠ ಹೇಳಿದೆನೋ ನೆನಪಿಲ್ಲ. ರಂಗರಾಜು ಆಟಕ್ಕೆ ಕರೆದರು. ತಲೆನೋವು ಎಂದೆ.

ಐದಾಯಿತು. ಕೋಣೆ ಇರಲಿಲ್ಲ. ಐದೂಕಾಲು, ಇರಲಿಲ್ಲ. ಸರಿ ಎಂದುಕೊಂಡು ಎದ್ದು ಕಿಟಕಿ ಮುಚ್ಚಲು ಹೋದೆ, ಮುಚ್ಚಲಿಲ್ಲ. ಕೂತೆ. ಆರಕ್ಕೆ ಸ್ವಲ್ಪ ಮುಂಚೆ 'ಸಿರಾ ಬಸ್ ಸ್ಟ್ಯಾಂಡ್' ಎಂದು ಬಂತು.

ಒಳಗೆ ಗುಂಡ. ಹೊಸ ದಿನ, ಹೆಸರು ಬದಲಿಸಬಹುದಿತ್ತು. ಏನನ್ನಾದರೂ ಕೇಳಬಹುದಿತ್ತು, ಬೈಯಬಹುದಿತ್ತು. ಅವನ ತಲೆಯ ಮೇಲೆ ನಿನ್ನೆಯದೇ ಇತ್ತು. 'ಹಬ್ಬಕ್ ಬರ್ತಿನಿ'.

ಈ ವರ್ಷ ನಮಗೆ ಹಬ್ಬವಿಲ್ಲ. ಅದು ಅವನಿಗೂ ಗೊತ್ತು.

ಹೊರಗೆ ಬಂದು ನನ್ನ ಹೆಸರು ಬದಲಿಸಿದೆ. 'ಟ್ಯಾಂಕ್ ಹಿಂದೆ ಮನೆ'. ನೀರಿನ ಟ್ಯಾಂಕ್ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ. ಮತ್ತೆ ಒಳಗೆ ಹೋದೆ. ಅವನು ಓದಿಕೊಳ್ಳಲೆಂದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಆಡಿದೆವು. ಚೆನ್ನಾಗಿ ಬಡಿದ ನನ್ನನ್ನು.

ಮುಗಿದ ಮೇಲೆ ಕೆಳಗೆ ಹೋಗಿ ದಾಸಮ್ಮನವರ ದೊಡ್ಡ ತಪ್ಪಲೆ ಕೇಳಿದೆ.

"ಯಾಕೆ? ಹಬ್ಬ ಮಾಡೋ ಹಂಗಿಲ್ಲ ನೀನು."

"ಹಬ್ಬಕ್ಕಲ್ಲ. ಬರೋರಿಗೆ ಊಟಕ್ಕೆ."

ಅವರು ಸ್ಟೂಲು ಎಳೆದುಕೊಂಡು ಅಟ್ಟದಿಂದ ತಪ್ಪಲೆ ಇಳಿಸಿದರು. ಸೆರಗಿನಿಂದ ಧೂಳು ಒರೆಸಿದರು. "ಎಷ್ಟು ಜನ ಬತ್ತಾರೆ?"

"ಅವನೊಬ್ಬನೋ, ಹೆಂಡತಿ ಮಗಳೂ ಬರ್ತಾರೋ, ಗೊತ್ತಿಲ್ಲ. ಅಷ್ಟೆಲ್ಲ ಕೇಳೋಕೆ ಅದರಲ್ಲಿ ಜಾಗ ಇಲ್ಲ."

"ಮೂರು ಜನಕ್ಕೇ ಮಾಡು" ಎಂದರು ದಾಸಮ್ಮನವರು. "ಒಬ್ನೇ ಬಂದ್ರೆ ಎರಡು ದಿನ ಇದ್ದು ಉಂಡ್ಕಂಡ್ ಹೋಗ್ತಾನೆ."